ಔಷಧ ಹೊರುವ ಪಾಲಿಮರ್: ಎಲ್ಲಿ ಇಳಿಸಬೇಕೋ ಅಲ್ಲಿಂದ ಲೆಕ್ಕ ಶುರು ಮಾಡಿ

“ನನ್ನ ಔಷಧ ನೀರಲ್ಲಿ ಕರಗಲ್ಲ. ಯಾವ ಪಾಲಿಮರ್‌ಗೆ ಕಟ್ಟಲಿ?” ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುವವರು, ಪಿಎಚ್.ಡಿ. ಮೊದಲ ವರ್ಷದವರು, ಫಾರ್ಮಸಿ ಕಾಲೇಜಿನ ಮೇಷ್ಟ್ರುಗಳು ಎಲ್ಲರೂ ಕೇಳುವುದು ಇದನ್ನೇ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ಸಾಕಾಯಿತು. ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹಾಕುತ್ತಿದ್ದೇನೆ.

ನನ್ನ ಪ್ರಕಾರ ಆ ಪ್ರಶ್ನೆಯೇ ತಿರುಗುಮುರುಗು. ಲಾರಿ ಯಾವುದು ಅಂತ ಕೇಳುವ ಮೊದಲು ಸರಕು ಎಲ್ಲಿ ಇಳಿಯಬೇಕು, ಖಾಲಿ ಲಾರಿ ಯಾವ ದಾರಿಯಲ್ಲಿ ವಾಪಸ್ ಹೋಗಬೇಕು ಅಂತ ಕೇಳುತ್ತೇವೆ ಅಲ್ವಾ? ಇಲ್ಲೂ ಹಾಗೇ. ಔಷಧ ಎಲ್ಲಿ ಕಳಚಬೇಕು, ಉಳಿದ ಪಾಲಿಮರ್ ಮೈಯಿಂದ ಹೇಗೆ ಹೊರಗೆ ಹೋಗಬೇಕು? ಈ ಎರಡು ಉತ್ತರ ಸಿಕ್ಕರೆ ಪಾಲಿಮರ್ ಹೆಚ್ಚುಕಡಿಮೆ ತಾನಾಗಿಯೇ ಗೊತ್ತಾಗುತ್ತದೆ.

ಮೊದಲು ನಾಲ್ಕು ಮಾತು

ಪಾಲಿಮರ್ ಅಂದರೆ ಮಾನೋಮರ್ ಎಂಬ ಸಣ್ಣ ಅಣುಗಳು ಒಂದಕ್ಕೊಂದು ಸೇರಿ ಆದ ಉದ್ದ ಸರಪಳಿ. ಔಷಧವನ್ನೋ ಪ್ರೋಟೀನನ್ನೋ ಅದಕ್ಕೆ ರಾಸಾಯನಿಕ ಬಂಧದಿಂದ ಕಟ್ಟಿದರೆ ಅದು ಕಾಂಜುಗೇಟ್. ಸುಮ್ನೆ ಬೆರೆಸಿದ್ದು ಕಾಂಜುಗೇಟ್ ಅಲ್ಲ. ಸರಪಳಿಗೂ ಔಷಧಕ್ಕೂ ನಡುವೆ ಇರುವ ಕೊಂಡಿಗೆ ಲಿಂಕರ್ ಅನ್ನುತ್ತಾರೆ. ಡಾಲ್ಟನ್ ಎಂಬುದು ಅಣುತೂಕದ ಅಳತೆ, ಸಾವಿರ ಡಾಲ್ಟನ್‌ಗೆ ಒಂದು ಕಿಲೋಡಾಲ್ಟನ್.

1975ರಲ್ಲಿ ಜರ್ಮನಿಯ ಹೆಲ್ಮುಟ್ ರಿಂಗ್ಸ್‌ಡಾರ್ಫ್ ಇದಕ್ಕೊಂದು ಚಿತ್ರ ಬರೆದರು: ನಡುವೆ ಸರಪಳಿ, ಅದರ ಮೇಲೆ ನೀರಲ್ಲಿ ಕರಗಿಸುವ ಗುಂಪು, ಲಿಂಕರ್‌ನಲ್ಲಿ ತೂಗುವ ಔಷಧ, ಬೇಕಾದರೆ ಗುರಿ ಹುಡುಕುವ ಗುಂಪು. ಇವತ್ತಿಗೂ ಎಲ್ಲರೂ ಕೆಲಸ ಮಾಡುವುದು ಆ ಚಿತ್ರ ಇಟ್ಟುಕೊಂಡೇ.

ಈ ಲೇಖನದಲ್ಲಿ ಎರಡು ಉದಾಹರಣೆ ಹಿಡಿಯೋಣ. ಒಂದು ಪಿಕೆ1. ಪ್ರಾಗ್‌ನ ಯಿಂಡ್ರಿಖ್ ಕೊಪೆಚೆಕ್, ಕರೆಲ್ ಉಲ್ಬ್ರಿಖ್ ಮತ್ತು ಬ್ರಿಟನ್ನಿನ ರೂತ್ ಡಂಕನ್ ತಂಡಗಳು ಸೇರಿ ಮಾಡಿದ ಕಾಂಜುಗೇಟ್ ಇದು. ಎಚ್‌ಪಿಎಂಎ ಎಂಬ ಪಾಲಿಮರ್‌ಗೆ ಕ್ಯಾನ್ಸರ್ ಔಷಧ ಡಾಕ್ಸೊರುಬಿಸಿನ್ ಕಟ್ಟಿದ್ದಾರೆ. ಇನ್ನೊಂದು ಪೆಗ್‌ಫಿಲ್‌ಗ್ರಾಸ್ಟಿಮ್. ಬಿಳಿ ರಕ್ತಕಣ ಹೆಚ್ಚಿಸುವ ಪ್ರೋಟೀನ್‌ಗೆ ಪೆಗ್, ಅಂದರೆ ಪಾಲಿಎಥಿಲಿನ್ ಗ್ಲೈಕಾಲ್, ಕಟ್ಟಿದ ಇಂಜೆಕ್ಷನ್. (ಬಾರಿನ ಪೆಗ್ ಬೇರೆ.) ಇದರ ಬಯೋಸಿಮಿಲರ್ (ಮೂಲ ಔಷಧಕ್ಕೆ ತೀರಾ ಹತ್ತಿರದ ನಕಲು) ಒಂದನ್ನು ನಮ್ಮ ಬೆಂಗಳೂರಿನ ಬಯೋಕಾನ್ ಮೈಲಾನ್ ಜೊತೆ ಸೇರಿ ಮಾಡಿತು. 2018ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು.

ಹಂತ 1: ಎಲ್ಲಿ ಕಳಚಬೇಕು?

ಒಂದು ಹಾಳೆಯ ಮೇಲೆ ಬರೆಯಿರಿ: ನನ್ನ ಔಷಧ ಕೆಲಸ ಮಾಡುವ ಜಾಗ ಯಾವುದು? ಆ ಜಾಗದಲ್ಲಿ ಮಾತ್ರ ಇರುವ, ರಕ್ತದಲ್ಲಿ ಇಲ್ಲದ ವಿಷಯ ಏನು? ಆ ವ್ಯತ್ಯಾಸವೇ ನಿಮ್ಮ ಲಿಂಕರ್.

ದೊಡ್ಡ ಪಾಲಿಮರ್ ಜೀವಕೋಶದ ಪೊರೆ ದಾಟಿ ನೇರವಾಗಿ ಒಳಗೆ ಹೋಗುವುದಿಲ್ಲ. ಕೋಶ ಅದನ್ನು ನುಂಗುತ್ತದೆ. ನುಂಗಿದ್ದು ಕೊನೆಗೆ ಲೈಸೋಸೋಮ್ ಎಂಬ ಚೀಲ ಸೇರುತ್ತದೆ, ಅದು ಕೋಶದ ಹೊಟ್ಟೆ ಅಂದುಕೊಳ್ಳಿ. ರಕ್ತದ ಪಿಎಚ್ 7.4 ಇದ್ದರೆ ಅಲ್ಲಿ 4.5ರಿಂದ 5. ಜೊತೆಗೆ ಪ್ರೋಟೀನ್ ಕತ್ತರಿಸುವ ಕಿಣ್ವಗಳು ತುಂಬಿರುತ್ತವೆ.

ಹುಳಿಯನ್ನು ನಂಬುವುದಾದರೆ ಹೈಡ್ರಜೋನ್ ಲಿಂಕರ್ ಇದೆ. ಪಿಎಚ್ 5ರಲ್ಲಿ ಬೇಗ ಒಡೆಯುತ್ತದೆ. ಮಾಡುವುದು ಸುಲಭ, ಅದಕ್ಕೇ ಎಲ್ಲರೂ ಇದರ ಹಿಂದೆ ಬೀಳುತ್ತಾರೆ. ಆದರೆ 7.4ರಲ್ಲೂ ಸ್ವಲ್ಪ ಸ್ವಲ್ಪ ಸೋರುತ್ತದೆ, ಇದನ್ನು ಮರೆಯಬೇಡಿ. ಕಿಣ್ವವನ್ನು ನಂಬುವುದಾದರೆ ಸಣ್ಣ ಪೆಪ್ಟೈಡ್ ಲಿಂಕರ್. ಪಿಕೆ1ನಲ್ಲಿ ಇರುವುದು ಗ್ಲೈಸಿನ್–ಫಿನೈಲ್‌ಅಲನಿನ್–ಲ್ಯೂಸಿನ್–ಗ್ಲೈಸಿನ್. ರಕ್ತದಲ್ಲಿ ಇದು ಗಟ್ಟಿಯಾಗಿ ನಿಲ್ಲುತ್ತದೆ, ಲೈಸೋಸೋಮ್‌ನ ಕ್ಯಾಥೆಪ್ಸಿನ್ ಬಿ ಕಿಣ್ವ ಕತ್ತರಿಸುತ್ತದೆ. ಮೂರನೆಯದು ಡೈಸಲ್ಫೈಡ್, ಅಂದರೆ ಗಂಧಕ–ಗಂಧಕ ಬಂಧ. ಅದನ್ನು ಒಡೆಯುವ ಗ್ಲುಟಥಯೋನ್ ಕೋಶದ ಒಳಗೆ 1ರಿಂದ 10 ಮಿಲಿಮೋಲಾರ್, ರಕ್ತದ ಪ್ಲಾಸ್ಮಾದಲ್ಲಿ ಬರೀ ಮೈಕ್ರೋಮೋಲಾರ್ ಲೆಕ್ಕ. ಆ ಅಂತರದ ಮೇಲೆ ಈ ಲಿಂಕರ್ ನಿಂತಿದೆ.

ಎಚ್ಚರಿಕೆ: ಲಿಂಕರ್ ತೀರಾ ಗಟ್ಟಿಯಾದರೂ ಕೆಟ್ಟದ್ದೇ. ಅದೇ ಎಚ್‌ಪಿಎಂಎಗೆ ಅದೇ ಡಾಕ್ಸೊರುಬಿಸಿನ್ ಅನ್ನು ಬರೀ ಗ್ಲೈಸಿನ್–ಗ್ಲೈಸಿನ್‌ನಲ್ಲಿ ಕಟ್ಟಿದರೆ ಕಿಣ್ವ ಅದನ್ನು ಮುಟ್ಟುವುದಿಲ್ಲ. ಔಷಧ ಕಳಚದೆ ಸುಮ್ನೆ ಸುತ್ತಾಡಿ ಹೋಗುತ್ತದೆ.

ಪ್ರೋಟೀನ್ ಆದರೆ ಬಹಳ ಸಲ ಕಳಚುವ ಅಗತ್ಯವೇ ಇಲ್ಲ. ಪೆಗ್‌ಫಿಲ್‌ಗ್ರಾಸ್ಟಿಮ್‌ನಲ್ಲಿ ಬಂಧ ಒಡೆಯುವುದಿಲ್ಲ, ಪ್ರೋಟೀನ್ ಪೆಗ್ ಹೊತ್ತುಕೊಂಡೇ ಕೆಲಸ ಮಾಡುತ್ತದೆ. ನಿಮ್ಮದೂ ಹಾಗಿದ್ದರೆ ಲಿಂಕರ್ ತಲೆನೋವು ಕಮ್ಮಿ, ಆದರೆ ಎಲ್ಲಿ ಕಟ್ಟಬೇಕು ಎಂಬ ತಲೆನೋವು ಜಾಸ್ತಿ. ಅದು ಹಂತ 6ರಲ್ಲಿ.

ಹಂತ 2: ಹೊರಗೆ ಹೋಗುವ ದಾರಿ

ಕಿಡ್ನಿ ಒಂದು ಜರಡಿ. ತುಂಬಾ ಸಣ್ಣ ಪಾಲಿಮರ್ ಕೆಲವೇ ಗಂಟೆಗಳಲ್ಲಿ ಮೂತ್ರದಲ್ಲಿ ಹೋಗಿಬಿಡುತ್ತದೆ. ತುಂಬಾ ದೊಡ್ಡದಾದರೆ ಹೋಗುವುದೇ ಇಲ್ಲ. ಎಚ್‌ಪಿಎಂಎಗೆ ಈ ಗಡಿ ಸುಮಾರು 45–50 ಕಿಲೋಡಾಲ್ಟನ್. ಅದರ ಬೆನ್ನೆಲುಬು ಕಾರ್ಬನ್–ಕಾರ್ಬನ್ ಬಂಧ, ಮೈಯೊಳಗೆ ಕರಗಿ ತುಂಡಾಗುವುದಿಲ್ಲ. ಹಾಗಾಗಿ ಪಿಕೆ1 ಮಾಡಿದವರು ಸುಮಾರು 30 ಕಿಲೋಡಾಲ್ಟನ್‌ಗೆ ನಿಲ್ಲಿಸಿದರು.

ಇಲ್ಲೇ ಹೊಸಬರು ಎಡವುತ್ತಾರೆ. “ರಕ್ತದಲ್ಲಿ ಜಾಸ್ತಿ ಹೊತ್ತು ಇರಲಿ” ಅಂತ 200 ಕಿಲೋಡಾಲ್ಟನ್ ಮಾಡಿ ಕೂರುತ್ತಾರೆ. ಅದು ಆಮೇಲೆ ಎಲ್ಲಿಗೆ ಹೋಗಬೇಕು? ದೊಡ್ಡದು ಬೇಕೇ ಬೇಕು ಅಂದರೆ ಸಣ್ಣ ಸಣ್ಣ ತುಂಡುಗಳನ್ನು ಒಡೆಯುವ ಪೆಪ್ಟೈಡ್‌ನಿಂದ ಜೋಡಿಸಿ ಉದ್ದ ಮಾಡಿ. ಕೊಪೆಚೆಕ್ ಅವರ ಎರಡನೇ ತಲೆಮಾರಿನ ಪಾಲಿಮರ್‌ಗಳು ಹಾಗೇ ಆಗಿದ್ದು.

ಹಂತ 3: ಈಗ ಪಾಲಿಮರ್

ಮೊದಲು ಒಂದು ಸಣ್ಣ ಗುಣಾಕಾರ. ನೇರ ಪೆಗ್‌ಗೆ ಎರಡೇ ತುದಿ. ಮಾಮೂಲಿ ಮೆಥಾಕ್ಸಿ ಪೆಗ್‌ನಲ್ಲಿ ಒಂದು ತುದಿ ಮುಚ್ಚಿರುತ್ತದೆ, ಅಂದರೆ ಕಟ್ಟಲು ಒಂದೇ ಜಾಗ. 20 ಕಿಲೋಡಾಲ್ಟನ್ ಪೆಗ್‌ಗೆ 543.5 ಡಾಲ್ಟನ್‌ನ ಒಂದು ಡಾಕ್ಸೊರುಬಿಸಿನ್ ಕಟ್ಟಿದರೆ ಔಷಧದ ಪಾಲು ತೂಕದಲ್ಲಿ ಶೇ 2.6 ಮಾತ್ರ. 100 ಮಿಲಿಗ್ರಾಂ ಔಷಧ ಕೊಡಲು ನಾಲ್ಕು ಗ್ರಾಂ ಹತ್ತಿರ ಪುಡಿ ಚುಚ್ಚಬೇಕು! ದೊಡ್ಡ ಪ್ರೋಟೀನ್‌ಗೆ ಪೆಗ್ ಸರಿ. ಸಣ್ಣ ಔಷಧಕ್ಕೆ ಸರಪಳಿಯುದ್ದಕ್ಕೂ ಕೊಕ್ಕೆ ಇರುವ ಪಾಲಿಮರ್ ಬೇಕು: ಎಚ್‌ಪಿಎಂಎ, ಪಾಲಿಗ್ಲುಟಾಮಿಕ್ ಆಮ್ಲ, ಡೆಕ್ಸ್ಟ್ರಾನ್ ಇಂಥವು.

ಪಿಕೆ1ನಲ್ಲಿ ಔಷಧದ ಪಾಲು ತೂಕದಲ್ಲಿ ಸುಮಾರು ಶೇ 8. ಅಂದರೆ 30,000 ಡಾಲ್ಟನ್‌ನಲ್ಲಿ 2,400 ಡಾಲ್ಟನ್ ಔಷಧ, ಒಂದು ಸರಪಳಿಗೆ ನಾಲ್ಕೈದು ಅಣು. “ಅಷ್ಟೇನಾ?” ಅಂತ ಕೇಳುತ್ತಾರೆ. ಹೌದು, ಅಷ್ಟೇ. ಡಾಕ್ಸೊರುಬಿಸಿನ್ ನೀರನ್ನು ಕಂಡರೆ ಮುದುಡುವ ಚಪ್ಪಟೆ ಅಣು. ಅದನ್ನು ಹೆಚ್ಚು ತೂಗುಹಾಕಿದಷ್ಟೂ ಸರಪಳಿ ಒಳಕ್ಕೆ ಮಡಚಿಕೊಳ್ಳುತ್ತದೆ, ಸರಪಳಿಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಲಿಂಕರ್ ಆ ಗಂಟಿನೊಳಗೆ ಸಿಕ್ಕಿಕೊಂಡರೆ ಕಿಣ್ವ ಅಲ್ಲಿಗೆ ತಲುಪುವುದಿಲ್ಲ. ಲೋಡಿಂಗ್ (ಔಷಧದ ಪಾಲು) ಶೇಕಡಾವಾರು ಜಾಸ್ತಿ ಬಂತು ಅಂತ ಹೆಮ್ಮೆಪಡುವ ಮೊದಲು ಬಿಡುಗಡೆ ನೋಡಿ.

ಪೆಗ್ ಬಗ್ಗೆ ಇನ್ನೊಂದು ಮಾತು. ಅದಕ್ಕೆ ದೇಹ ಪ್ರತಿಕಾಯ ಮಾಡುವುದಿಲ್ಲ ಎಂದು ಬಹಳ ದಿನ ನಂಬಿದ್ದರು. ಗೌಟ್ ರೋಗಕ್ಕೆ 2010ರಲ್ಲಿ ಬಂದ ಪೆಗ್ಲೋಟಿಕೇಸ್‌ನಲ್ಲಿ ಅದು ಸುಳ್ಳಾಯಿತು. ಪೆಗ್ ವಿರುದ್ಧ ಪ್ರತಿಕಾಯ ಹುಟ್ಟಿದ ರೋಗಿಗಳಲ್ಲಿ ಔಷಧದ ಪರಿಣಾಮವೇ ನಿಂತಿತು. ಅದಕ್ಕೇ ಈಗ ಪಾಲಿಸಾರ್ಕೋಸಿನ್, ಪಾಲಿಆಕ್ಸಜೋಲಿನ್, ಫಾಸ್ಫೊರಿಲ್‌ಕೋಲಿನ್ ಪಾಲಿಮರ್‌ಗಳ ಕಡೆ ಜನ ತಿರುಗಿದ್ದಾರೆ.

ಹಂತ 4: ಸರಪಳಿ ಮಾಡುವುದು

ಸರಪಳಿಗಳೆಲ್ಲ ಹೆಚ್ಚುಕಡಿಮೆ ಒಂದೇ ಉದ್ದ ಇರಬೇಕು. ಅದಕ್ಕೆ ರಾಫ್ಟ್ ಎಂಬ ವಿಧಾನ ಅನುಕೂಲ. 1998ರಲ್ಲಿ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒದಿಂದ ಬಂದದ್ದು. ಇದರಲ್ಲಿ ಸರಪಳಿ ವರ್ಗಾವಣೆ ಏಜೆಂಟ್ ಎಂಬ ಗಂಧಕದ ಸಂಯುಕ್ತ ಇರುತ್ತದೆ. ಏಜೆಂಟಿನ ಒಂದೊಂದು ಅಣುವೂ ಒಂದೊಂದು ಸರಪಳಿಯನ್ನು ಹದ್ದುಬಸ್ತಿನಲ್ಲಿ ಬೆಳೆಸುತ್ತದೆ.

ಮೊದಲ ಸಲ ಬರೀ ಎಚ್‌ಪಿಎಂಎ ಮಾಡಿ ಕೈ ಕುದುರಿಸಿಕೊಳ್ಳಿ. ಲೆಕ್ಕ ಹೀಗೆ:

1. ಗುರಿ 30,000 ಡಾಲ್ಟನ್. ಒಂದು ಎಚ್‌ಪಿಎಂಎ ಮಾನೋಮರ್ 143 ಡಾಲ್ಟನ್. ಭಾಗಿಸಿದರೆ ಸರಪಳಿಗೆ 210 ಘಟಕ.
2. ಮಾನೋಮರ್ ಪೂರ್ತಿ ಮುಗಿಯುವವರೆಗೆ ಬಿಡಬೇಡಿ, ಶೇ 80ಕ್ಕೆ ನಿಲ್ಲಿಸಿ. 210 ಭಾಗಿಸು 0.8, ಅಂದರೆ ಒಂದು ಏಜೆಂಟ್‌ಗೆ 262 ಮಾನೋಮರ್.
3. 1.43 ಗ್ರಾಂ ಎಚ್‌ಪಿಎಂಎ ತೆಗೆದುಕೊಂಡರೆ ಅದು 10 ಮಿಲಿಮೋಲ್. ಏಜೆಂಟ್ 0.038 ಮಿಲಿಮೋಲ್ ಬೇಕು. ಸೈನೋಪೆಂಟನಾಯಿಕ್ ಆಮ್ಲದ ಡೈಥಯೋಬೆಂಜೋಯೇಟ್ (279.4) ಆದರೆ 10.7 ಮಿಲಿಗ್ರಾಂ.
4. ಇನಿಶಿಯೇಟರ್, ಅಂದರೆ ಕ್ರಿಯೆಗೆ ಕಿಡಿ ಹೊತ್ತಿಸುವುದು, ಏಜೆಂಟ್‌ನ ಐದನೇ ಒಂದು ಭಾಗ. ಅಜೋಬಿಸ್ ಸೈನೋವಲೆರಿಕ್ ಆಮ್ಲ (280.3) ಬರೀ 2.1 ಮಿಲಿಗ್ರಾಂ.

ಈ ಕೊನೆಯ ಎರಡು ಸಂಖ್ಯೆ ನೋಡಿ. ಬ್ಯಾಲೆನ್ಸ್‌ನಲ್ಲಿ ಏಜೆಂಟ್ ಒಂದು ಮಿಲಿಗ್ರಾಂ ಹೆಚ್ಚುಕಮ್ಮಿ ಆದರೆ ಅಣುತೂಕ ಹತ್ತಿರ ಹತ್ತಿರ ಶೇ 10 ಬದಲಾಗುತ್ತದೆ. ಎರಡು ಮಿಲಿಗ್ರಾಂ ಇನಿಶಿಯೇಟರ್ ಅನ್ನು ಪೇಪರ್ ಮೇಲೆ ತೂಗಿ ಸುರಿದರೆ ಅರ್ಧ ಪೇಪರ್‌ಗೇ ಅಂಟಿರುತ್ತದೆ. ಹತ್ತು ಪಟ್ಟು ತೂಗಿ, ದ್ರಾವಣ ಮಾಡಿ, ಪಿಪೆಟ್‌ನಲ್ಲಿ ಹಾಕಿ. “ನನ್ನ ಪಾಲಿಮರ್ ಪ್ರತಿ ಸಲ ಬೇರೆ ಬೇರೆ ಬರುತ್ತದೆ” ಅಂತ ಬರೆಯುವವರಿಗೆ ನಾನು ಮೊದಲು ಕೇಳುವ ಪ್ರಶ್ನೆ ಇದೇ.

ಪಿಎಚ್ 5ರ ಆಸುಪಾಸಿನ ಅಸಿಟೇಟ್ ಬಫರ್ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ), 70 ಡಿಗ್ರಿ ಸೆಲ್ಸಿಯಸ್. ಪಿಎಚ್ ಏರಿದರೆ ಏಜೆಂಟ್ ನೀರಲ್ಲೇ ಒಡೆದು ಹೋಗುತ್ತದೆ. ಬಿಸಿ ಮಾಡುವ ಮೊದಲು ಸಾರಜನಕ ಹಾಯಿಸಿ ಆಮ್ಲಜನಕ ಓಡಿಸಿ. ಆಮ್ಲಜನಕ ಉಳಿದರೆ ಕ್ರಿಯೆ ಗಂಟೆಗಟ್ಟಲೆ ಶುರುವೇ ಆಗುವುದಿಲ್ಲ.

ಕೈ ಕುದುರಿದ ಮೇಲೆ ಕೊಕ್ಕೆ ಇರುವ ಎರಡನೇ ಮಾನೋಮರ್ ಸೇರಿಸಿ: ಪಿಕೆ1 ಲಿಂಕರ್‌ನ ಆ ನಾಲ್ಕು ಅಮೈನೋ ಆಮ್ಲ, ಅದರ ತುದಿಯಲ್ಲಿ ನೈಟ್ರೋಫಿನೈಲ್ ಎಸ್ಟರ್. ಈ ಎಸ್ಟರ್‌ಗೆ ನೀರು ಆಗದು. ಈಗ ಬಫರ್ ಬಿಟ್ಟು ಒಣ ಡಿಎಂಎಸ್‌ಒನಂಥ ದ್ರಾವಕಕ್ಕೆ ಬದಲಿಸಿ, ಇನಿಶಿಯೇಟರ್ ಕೂಡ ಅದಕ್ಕೆ ತಕ್ಕದ್ದು.

ಮುಗಿದಾಗ ಪಾಲಿಮರ್ ನಸುಗುಲಾಬಿ ಬಣ್ಣದಲ್ಲಿರುತ್ತದೆ. ಚೆನ್ನಾಗಿ ಕಾಣುತ್ತದೆ, ಆದರೆ ಆ ಬಣ್ಣ ಅಂದರೆ ಏಜೆಂಟ್‌ನ ತುದಿ ಇನ್ನೂ ಅಂಟಿಕೊಂಡಿದೆ. ಹಾಗೇ ಬಿಟ್ಟು ಔಷಧ ಹಾಕಿದರೆ ಔಷಧದ ಅಮೈನ್ (ಸಾರಜನಕ ಇರುವ ಗುಂಪು) ಮೊದಲು ಆ ತುದಿಯನ್ನೇ ಕಡಿಯುತ್ತದೆ. 20 ಪಟ್ಟು ಎಐಬಿಎನ್ ಎಂಬ ಇನಿಶಿಯೇಟರ್ ಹಾಕಿ ಮತ್ತೆ ಬಿಸಿ ಮಾಡಿ, ಬಣ್ಣ ಹೋಗಿ ಪುಡಿ ಬೆಳ್ಳಗಾಗಬೇಕು.

ಹಂತ 5: ಔಷಧ ತೂಗುಹಾಕುವುದು

ಕೈಗವಸು, ಹುಡ್ ಎರಡೂ ಕಡ್ಡಾಯ. ಡಾಕ್ಸೊರುಬಿಸಿನ್ ಕೋಶ ಕೊಲ್ಲುವ ಔಷಧ, ನಿಮ್ಮ ಕೋಶ ಬೇರೆ ರೋಗಿಯ ಕೋಶ ಬೇರೆ ಅಂತ ಅದಕ್ಕೆ ಗೊತ್ತಾಗಲ್ಲ. ಬೆಳಕಿಗೂ ಹಾಳಾಗುತ್ತದೆ, ಫ್ಲಾಸ್ಕ್‌ಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ.

ಪಾಲಿಮರ್ ಅನ್ನು ಒಣ ಡಿಎಂಎಸ್‌ಒನಲ್ಲಿ ಕರಗಿಸಿ ಔಷಧ ಹಾಕಿ. ಔಷಧ ಬರುವುದು ಹೈಡ್ರೋಕ್ಲೋರೈಡ್ ಲವಣವಾಗಿ, ಅಮೈನ್ ಬಿಡಿಸಲು ಸ್ವಲ್ಪ ಟ್ರೈಎಥಿಲ್‌ಅಮೈನ್ ಬೇಕು. ಒಮ್ಮೆಲೇ ಸುರಿಯಬೇಡಿ, ಹನಿ ಹನಿಯಾಗಿ ಹಾಕಿ. ಕೇಸರಿಗೆಂಪು ದ್ರಾವಣ ನೇರಳೆಗೆ ತಿರುಗಿತೆಂದರೆ ಕ್ಷಾರ ಜಾಸ್ತಿ ಆಯಿತು, ಔಷಧ ಹಾಳಾಗುತ್ತಿದೆ.

ಕೊನೆಗೆ ಉಳಿದ ಖಾಲಿ ಕೊಕ್ಕೆಗಳಿಗೆ 1-ಅಮೈನೋ-2-ಪ್ರೊಪನಾಲ್ ಹಾಕಿ ಮುಚ್ಚಿ. ಮುಚ್ಚದೆ ಬಿಟ್ಟರೆ ಅವು ರಕ್ತದ ಪ್ರೋಟೀನ್‌ಗಳನ್ನು ಹಿಡಿದುಕೊಳ್ಳುತ್ತವೆ.

ಹಂತ 6: ಪ್ರೋಟೀನ್ ಕಟ್ಟುವವರಿಗೆ

ಪ್ರೋಟೀನ್ ಮೇಲೆ ಲೈಸಿನ್‌ಗಳು (ಪಕ್ಕದಲ್ಲಿ ಅಮೈನ್ ಇರುವ ಅಮೈನೋ ಆಮ್ಲ) ಹತ್ತಾರು ಇರುತ್ತವೆ. ಎನ್‌ಎಚ್‌ಎಸ್ ಎಸ್ಟರ್ (ಅಮೈನ್‌ಗೆ ಅಂಟುವ ತುದಿ) ಇರುವ ಪೆಗ್ ಹಾಕಿದರೆ ಸಿಕ್ಕ ಸಿಕ್ಕ ಕಡೆ ಅಂಟುತ್ತದೆ. ಕೆಲಸ ಮಾಡುವ ಜಾಗಕ್ಕೇ ಅಂಟಿದರೆ ಪ್ರೋಟೀನ್ ಕೈಕಟ್ಟಿ ಕೂರುತ್ತದೆ. ಹೆಪಟೈಟಿಸ್ ಸಿ ಔಷಧ ಪೆಗಾಸಿಸ್‌ನಲ್ಲಿ 40 ಕಿಲೋಡಾಲ್ಟನ್‌ನ ಕವಲು ಪೆಗ್ ಕಟ್ಟಿದ ಮೇಲೆ ಪರೀಕ್ಷಾ ನಳಿಕೆಯಲ್ಲಿ ಇಂಟರ್‌ಫೆರಾನ್‌ಗೆ ಉಳಿದ ಶಕ್ತಿ ಶೇ 7. ಆದರೂ ರಕ್ತದಲ್ಲಿ ಬಹಳ ಹೊತ್ತು ಇರುವುದರಿಂದ ವಾರಕ್ಕೊಂದು ಇಂಜೆಕ್ಷನ್ ಸಾಕಾಯಿತು. ಪರೀಕ್ಷಾ ನಳಿಕೆಯ ಸಂಖ್ಯೆ ನೋಡಿ ಎದೆಗುಂದಬೇಡಿ, ಹಾಗೆಂದು ಎಲ್ಲ ಪ್ರೋಟೀನ್‌ಗೂ ಈ ರಿಯಾಯಿತಿ ಸಿಗಲ್ಲ.

ಒಂದೇ ಜಾಗಕ್ಕೆ ಕಟ್ಟಲು ಎರಡು ದಾರಿ ಚೆನ್ನಾಗಿವೆ. ಒಂದು, ಪೆಗ್‌ಫಿಲ್‌ಗ್ರಾಸ್ಟಿಮ್‌ನ ದಾರಿ: ಆಲ್ಡಿಹೈಡ್ ತುದಿಯ 20 ಕಿಲೋಡಾಲ್ಟನ್ ಪೆಗ್, ಹುಳಿ ಪಿಎಚ್, ಸೋಡಿಯಂ ಸೈನೋಬೋರೋಹೈಡ್ರೈಡ್. ಪ್ರೋಟೀನ್‌ನ ಮೊದಲ ತುದಿಯ ಅಮೈನ್‌ನ ಪಿಕೆಎ (ಅರ್ಧದಷ್ಟು ಅಣುಗಳು ಪ್ರೋಟಾನ್ ಬಿಡುವ ಪಿಎಚ್) 8ರ ಆಸುಪಾಸು, ಲೈಸಿನ್‌ದು 10.5ರ ಹತ್ತಿರ. ಹುಳಿಯಲ್ಲಿ ಲೈಸಿನ್‌ಗಳೆಲ್ಲ ಪ್ರೋಟಾನ್ ಹೊತ್ತು ಸುಮ್ಮನಿರುತ್ತವೆ, ತುದಿಯದು ಮಾತ್ರ ಅಷ್ಟಿಷ್ಟು ಬಿಡುವಾಗಿರುತ್ತದೆ. ಹಾಗಾಗಿ ಪೆಗ್ ಅಲ್ಲೇ ಹೋಗಿ ಕೂರುತ್ತದೆ. ದಿನಾ ಚುಚ್ಚಿಸಿಕೊಳ್ಳಬೇಕಿದ್ದ ಔಷಧ ಕಿಮೊಥೆರಪಿಯ ಒಂದು ಸುತ್ತಿಗೆ ಒಂದೇ ಸಲ ಎಂದಾಗಿದ್ದು ಹೀಗೆ.

ಎರಡನೆಯದು, ಗಂಧಕ ಇರುವ ಅಮೈನೋ ಆಮ್ಲವಾದ ಒಂಟಿ ಸಿಸ್ಟೀನ್‌ಗೆ ಮಲೆಇಮೈಡ್ ತುದಿಯ ಪೆಗ್. ಪಿಎಚ್ 6.5ರಿಂದ 7.5ರೊಳಗೆ ಇರಲಿ, ಮೇಲೆ ಹೋದರೆ ಅಮೈನ್‌ಗೂ ಅಂಟುತ್ತದೆ. ಈ ಬಂಧ ರಕ್ತದಲ್ಲಿ ನಿಧಾನಕ್ಕೆ ವಾಪಸ್ ಬಿಚ್ಚಿಕೊಳ್ಳಬಹುದು. ಕಟ್ಟಿದ ಮೇಲೆ ಮಲೆಇಮೈಡ್‌ನಿಂದಾದ ಉಂಗುರವನ್ನು ನೀರಿನಿಂದ ತೆರೆಸಿಬಿಟ್ಟರೆ ಗಟ್ಟಿಯಾಗುತ್ತದೆ.

ಬಫರ್ ಬಲೆಗಳು ಇಲ್ಲಿ ಬಹಳ:

- ಎನ್‌ಎಚ್‌ಎಸ್‌ಗೆ ಟ್ರಿಸ್ ಬಫರ್ ಬೇಡ. ಟ್ರಿಸ್‌ನಲ್ಲೇ ಅಮೈನ್ ಇದೆ. ನಾನೇ ಒಮ್ಮೆ ಫ್ರಿಜ್‌ನಲ್ಲಿದ್ದ ಪ್ರೋಟೀನ್ ಯಾವ ಬಫರ್‌ನಲ್ಲಿದೆ ಅಂತ ನೋಡದೆ ಮೂರು ದಿನ ಕೆಲಸ ಮಾಡಿದೆ. ಪೆಗ್ ಪೂರ್ತಿ ಟ್ರಿಸ್‌ಗೆ ಅಂಟಿತ್ತು. ಫಾಸ್ಫೇಟ್ ಬಳಸಿ.
- ಎನ್‌ಎಚ್‌ಎಸ್ ಎಸ್ಟರ್‌ಗೆ ನೀರೇ ಶತ್ರು. ಪಿಎಚ್ 7, 0 ಡಿಗ್ರಿಯಲ್ಲಿ ನಾಲ್ಕೈದು ಗಂಟೆಗೆ ಅರ್ಧ ಹಾಳು, ಪಿಎಚ್ 8.6, 4 ಡಿಗ್ರಿಯಲ್ಲಿ 10 ನಿಮಿಷಕ್ಕೇ ಅರ್ಧ ಹಾಳು. ಕರಗಿಸಿ ಊಟಕ್ಕೆ ಹೋಗಬೇಡಿ.
- ಫ್ರೀಜರ್‌ನಿಂದ ತೆಗೆದ ಶೀಶೆಯನ್ನು ತಣ್ಣಗಿರುವಾಗಲೇ ತೆರೆದರೆ ಒಳಗೆ ಇಬ್ಬನಿ ಕಟ್ಟುತ್ತದೆ. ಕೋಣೆಯ ಬಿಸಿಗೆ ಬರುವವರೆಗೆ ಡೆಸಿಕೇಟರ್‌ನಲ್ಲಿಡಿ. ಜುಲೈ ತಿಂಗಳ ಮಂಗಳೂರಲ್ಲಿ ಇದನ್ನು ಎರಡು ಸಲ ಹೇಳಬೇಕು.
- ಮಲೆಇಮೈಡ್ ಹಾಕುವ ಮುಂಚೆ ಡಿಟಿಟಿಯನ್ನು (ಡೈಸಲ್ಫೈಡ್ ಒಡೆಯಲು ಹಾಕುವ ರಾಸಾಯನಿಕ) ಪೂರ್ತಿ ತೆಗೆಯಿರಿ, ಅದರಲ್ಲೂ ಸಿಸ್ಟೀನ್‌ನಂತೆ ಥಯಾಲ್ (ಗಂಧಕ–ಹೈಡ್ರೋಜನ್ ಗುಂಪು) ಇದೆ.
- ಕ್ಲಿಕ್ ರಸಾಯನದಲ್ಲಿ (ಆಲ್ಕೈನ್ ಮತ್ತು ಅಜೈಡ್ ಜೋಡಿಸುವ ಕ್ರಿಯೆ) ಆಲ್ಕೈನ್ ಬಳಸುವವರು ಬಫರ್‌ನಲ್ಲಿ ಸೋಡಿಯಂ ಅಜೈಡ್ ಇದೆಯಾ ನೋಡಿ. ಬೂಸ್ಟು ಹಿಡಿಯದಿರಲಿ ಅಂತ ಹಾಕಿರುತ್ತಾರೆ, ಅದೇ ಹೋಗಿ ಕ್ಲಿಕ್ ಆಗುತ್ತದೆ.

ಹಂತ 7: ತೊಳೆಯುವುದು

ಕಟ್ಟದೆ ಉಳಿದ ಔಷಧ ಸುಳ್ಳು ಫಲಿತಾಂಶದ ದೊಡ್ಡ ಮೂಲ. ಸರಪಳಿಗೆ ಸುಮ್ನೆ ಅಂಟಿಕೊಂಡಿರುವ ಸ್ವಲ್ಪ ಔಷಧ ಕೋಶ ಕೊಂದರೆ ನೀವು ಕಾಂಜುಗೇಟ್ ಕೆಲಸ ಮಾಡಿತು ಅಂತ ಖುಷಿಪಡುತ್ತೀರಿ.

ಬರೀ ನೀರಿನ ಡಯಾಲಿಸಿಸ್ (ಸಣ್ಣ ರಂಧ್ರಗಳ ಚೀಲದಲ್ಲಿಟ್ಟು ತೊಳೆಯುವುದು) ಸಾಲದು. ಡಾಕ್ಸೊರುಬಿಸಿನ್ ಪಾಲಿಮರ್‌ಗೂ ಚೀಲಕ್ಕೂ ಅಂಟಿಕೊಳ್ಳುತ್ತದೆ. ಅಣುಗಳನ್ನು ಗಾತ್ರ ನೋಡಿ ಬೇರ್ಪಡಿಸುವ ಸೆಫಾಡೆಕ್ಸ್ ಎಲ್‌ಎಚ್-20 ಕಾಲಮ್‌ನಲ್ಲಿ ಮೆಥನಾಲ್ ಹಾಕಿ ಓಡಿಸಿ. ಮೊದಲು ಕೆಂಪು ಪಟ್ಟಿಯೊಂದು ಬೇಗ ಇಳಿಯುತ್ತದೆ, ಅದು ಪಾಲಿಮರ್. ಹಿಂದೆ ಬರುವ ಇನ್ನೊಂದು ಪಟ್ಟಿ ಬಿಡಿ ಔಷಧ. ಎರಡರ ನಡುವೆ ಕಾಲಮ್ ಬೆಳ್ಳಗೆ ಕಾಣದಿದ್ದರೆ ಮತ್ತೊಮ್ಮೆ ಓಡಿಸಿ. ನಿಮ್ಮ ವಿಧಾನ ಸರಿಯಾ ಅಂತ ತಿಳಿಯಲು ಖಾಲಿ ಪಾಲಿಮರ್ ಮತ್ತು ಬಿಡಿ ಔಷಧ ಬೆರೆಸಿ ಅದೇ ಕಾಲಮ್‌ಗೆ ಹಾಕಿ. ಪಾಲಿಮರ್ ಪಟ್ಟಿ ಬಣ್ಣ ಇಲ್ಲದೆ ಬರಬೇಕು.

ಹಂತ 8: ಅಳೆಯುವುದು

ಒಟ್ಟು ಔಷಧ ಎಷ್ಟು, ಬಿಡಿ ಔಷಧ ಎಷ್ಟು: ಎರಡು ಬೇರೆ ಬೇರೆ ಸಂಖ್ಯೆ, ಎರಡೂ ಬೇಕು. ನೀರಲ್ಲಿ ಔಷಧದ ಅಣುಗಳು ಒಂದರ ಮೇಲೊಂದು ಕೂತಿರುವುದರಿಂದ 480 ನ್ಯಾನೋಮೀಟರ್‌ನ ಹೀರಿಕೆ ಮೋಸ ಮಾಡುತ್ತದೆ. ಹೆಚ್ಚು ನಂಬಿಕೆಯ ದಾರಿ, ಆಮ್ಲದಲ್ಲಿ ಬಿಸಿ ಮಾಡಿ ಡಾಕ್ಸೊರುಬಿಸಿನ್‌ನ ಸಕ್ಕರೆ ಭಾಗ ಕಳಚಿಸಿ, ಉಳಿಯುವ ಡಾಕ್ಸೊರುಬಿಸಿನೋನ್ ಅನ್ನು ಎಚ್‌ಪಿಎಲ್‌ಸಿಯಲ್ಲಿ (ಬೆರೆತ ಅಣುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಅಳೆಯುವುದು.

ಅಣುತೂಕಕ್ಕೆ ಸೈಜ್ ಎಕ್ಸ್‌ಕ್ಲೂಷನ್ ಕಾಲಮ್, ಸಾಧ್ಯವಾದರೆ ಲೇಸರ್ ಚದುರಿಕೆಯ ಡಿಟೆಕ್ಟರ್ ಜೊತೆಗೆ. ಪ್ರೋಟೀನ್ ಸ್ಟಾಂಡರ್ಡ್ ಇಟ್ಟು ಪೆಗ್ ಅಳೆಯಬೇಡಿ. ಪೆಗ್ ತನ್ನ ಒಂದೊಂದು ಘಟಕಕ್ಕೂ ಎರಡು ಮೂರು ನೀರಿನ ಅಣು ಹಿಡಿದುಕೊಂಡು ಉಬ್ಬಿರುತ್ತದೆ. 39 ಕಿಲೋಡಾಲ್ಟನ್‌ನ ಪೆಗ್‌ಫಿಲ್‌ಗ್ರಾಸ್ಟಿಮ್ ಜೆಲ್‌ನಲ್ಲೂ ಕಾಲಮ್‌ನಲ್ಲೂ ಇರುವುದಕ್ಕಿಂತ ಎಷ್ಟೋ ಭಾರವಾಗಿ ಕಾಣುತ್ತದೆ. ಎರಡು ಪೆಗ್ ಅಂಟಿದೆ ಅಂತ ಗಾಬರಿಯಾಗಬೇಡಿ.

ಹಂತ 9: ಬಿಡುಗಡೆ ಪರೀಕ್ಷೆ

ಹಂತ 1ರಲ್ಲಿ ಬರೆದ ಹಾಳೆ ತೆಗೆಯಿರಿ. 37 ಡಿಗ್ರಿಯಲ್ಲಿ ನಾಲ್ಕು ಕೊಳವೆ: ಪಿಎಚ್ 7.4 ಬಫರ್, ಪ್ಲಾಸ್ಮಾ, ಕಿಣ್ವ ಇಲ್ಲದ ಹುಳಿ ಬಫರ್, ಮತ್ತು ಅದೇ ಹುಳಿ ಬಫರ್‌ನಲ್ಲಿ ಕ್ಯಾಥೆಪ್ಸಿನ್ ಬಿ ಜೊತೆಗೆ ಗ್ಲುಟಥಯೋನ್. ಕ್ಯಾಥೆಪ್ಸಿನ್‌ಗೆ ಕೆಲಸ ಮಾಡಲು ಥಯಾಲ್ ಬೇಕು. ಗ್ಲುಟಥಯೋನ್ ಮರೆತು “ನನ್ನ ಲಿಂಕರ್ ಒಡೆಯುತ್ತಿಲ್ಲ” ಎಂದವರು ಕಡಿಮೆ ಏನಿಲ್ಲ. ಗ್ಲೈಸಿನ್–ಗ್ಲೈಸಿನ್ ಕಾಂಜುಗೇಟ್ ಒಂದನ್ನು ಹೋಲಿಕೆಗೆ ಇಟ್ಟುಕೊಳ್ಳಿ. ಅದರಲ್ಲೂ ಔಷಧ ಬರುತ್ತಿದ್ದರೆ ಅದು ಬಿಡುಗಡೆ ಅಲ್ಲ, ಹಂತ 7 ಸರಿಯಾಗಿಲ್ಲ.

ಕೋಶದ ಪರೀಕ್ಷೆಯಲ್ಲಿ ಕಾಂಜುಗೇಟ್ ಬಿಡಿ ಔಷಧಕ್ಕಿಂತ ದುರ್ಬಲ ಅಂತಲೇ ಬರುತ್ತದೆ. ಬಿಡಿ ಔಷಧ ನೇರ ಒಳಗೆ ನುಗ್ಗುತ್ತದೆ, ಇದು ನುಂಗಿಸಿಕೊಂಡು ಹೋಗಬೇಕು. ಲಾಭ ಕಾಣುವುದು ಮೈಯೊಳಗೆ. ಪಿಕೆ1ನ ಮೊದಲ ಹಂತದ ಪರೀಕ್ಷೆಯ ವರದಿ 1999ರಲ್ಲಿ ಬಂತು. ರೋಗಿಗಳು ತಡೆದುಕೊಂಡ ಪ್ರಮಾಣ ಮೈಯ ಚದರ ಮೀಟರ್‌ಗೆ 320 ಮಿಲಿಗ್ರಾಂ ಡಾಕ್ಸೊರುಬಿಸಿನ್‌ಗೆ ಸಮ, ಬಿಡಿ ಔಷಧವನ್ನು ಕೊಡುವುದು 60–80. ಆದರೂ ಪಿಕೆ1 ಮಾರುಕಟ್ಟೆಗೆ ಬರಲಿಲ್ಲ. ಲಿವರ್‌ಗೆ ಗುರಿಯಿಟ್ಟು ಗ್ಯಾಲಕ್ಟೋಸಮೈನ್ ಸೇರಿಸಿದ ಪಿಕೆ2 ಲಿವರ್‌ಗೇನೋ ಹೋಯಿತು, ಆದರೆ ಹೆಚ್ಚಿನ ಪಾಲು ಗೆಡ್ಡೆ ಬಿಟ್ಟು ಆರೋಗ್ಯವಾಗಿದ್ದ ಲಿವರ್ ಭಾಗದಲ್ಲಿ ಕೂತಿತು. ಗುರಿ ಹುಡುಕುವ ಗುಂಪು ಸೇರಿಸುವ ಆತುರ ಇರುವವರಿಗೆ ನಾನು ಇದನ್ನೇ ತೋರಿಸುತ್ತೇನೆ. ಮೊದಲು ಅದಿಲ್ಲದೆ ಒಂದು ಸರಿಯಾದ ಕಾಂಜುಗೇಟ್ ಮಾಡಿ.

ಮಾಡಿದ್ದನ್ನು ಫ್ರೀಜ್ ಡ್ರೈ ಮಾಡಿ, ಕತ್ತಲಲ್ಲಿ, ಮೈನಸ್ 20 ಡಿಗ್ರಿಯಲ್ಲಿಡಿ. ಶೀಶೆಯ ಮೇಲೆ ಒಟ್ಟು ಔಷಧ, ಬಿಡಿ ಔಷಧ, ಅಣುತೂಕ, ತಾರೀಖು ಬರೆಯಿರಿ. ಮೂರು ತಿಂಗಳ ನಂತರ ಪ್ರಯೋಗಕ್ಕೆ ತೆಗೆಯುವ ಮೊದಲು ಬಿಡಿ ಔಷಧವನ್ನು ಮತ್ತೆ ಅಳೆಯಿರಿ. ಹೈಡ್ರಜೋನ್ ಮಾಡಿದವರು ಒಂದೇ ತಿಂಗಳಿಗೆ ಅಳೆಯಿರಿ.